ರಾಜ್ಯದ ಗಡಿಯೇ ಇದರ ಬೇಲಿ: ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯ

ಮಕ್ಕಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದೊಡನೆ ನಮ್ಮ ಮನೆಗಳಲ್ಲಿ ಕಾಲೇಜಿನ ಮಾತು ಶುರುವಾಗುತ್ತದೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳ ಹೆಸರು ಮೊದಲು ಬರುತ್ತದೆ. “ಆಗದಿದ್ದರೆ ಸ್ಟೇಟ್ ಯೂನಿವರ್ಸಿಟಿ ಇದ್ದೇ ಇದೆಯಲ್ಲ” ಎಂಬ ಮಾತು ಕೊನೆಗೆ. ಹೀಗೆ ಉದಾಸೀನಕ್ಕೆ ಗುರಿಯಾದ ಸಂಸ್ಥೆಗಳು ಎಂಥವೆಂದು ತಿಳಿಯಲು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿರುವ ವಿಶ್ವವಿದ್ಯಾನಿಲಯ ಒಳ್ಳೆಯ ಉದಾಹರಣೆ.

ವಿಸ್ಕಾನ್ಸಿನ್ ರಾಜ್ಯವಾದದ್ದು 1848ರಲ್ಲಿ. ಈ ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ ವರ್ಷ. 1849ರ ಫೆಬ್ರವರಿಯಲ್ಲಿ, ಎರವಲು ಪಡೆದ ಕೊಠಡಿಯೊಂದರಲ್ಲಿ ಮೊದಲ ತರಗತಿ ನಡೆದಾಗ ಇದ್ದ ವಿದ್ಯಾರ್ಥಿಗಳು 17 ಮಂದಿ. ಇಂದು ಮೆಂಡೋಟಾ ಸರೋವರದ ದಂಡೆಯಲ್ಲಿ ಹಬ್ಬಿರುವ ಆವರಣದಲ್ಲಿ ಸುಮಾರು 50,000 ಮಂದಿ ಓದುತ್ತಾರೆ. ಸಂಶೋಧನೆಗೆ ವರ್ಷಕ್ಕೆ 150 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗುತ್ತದೆ.

ಲಿಂಕನ್ನರು 1862ರಲ್ಲಿ ಸಹಿ ಹಾಕಿದ ಮೊರಿಲ್ ಶಾಸನದಂತೆ, ಸರ್ಕಾರಿ ಜಮೀನು ಮಾರಿ ಬಂದ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆಗಳನ್ನು ಸಾಮಾನ್ಯರ ಮಕ್ಕಳಿಗೆ ಕಲಿಸಬೇಕಿತ್ತು. 1866ರಲ್ಲಿ ಆ ಹೊಣೆಯನ್ನು ಈ ವಿಶ್ವವಿದ್ಯಾನಿಲಯ ಹೊತ್ತುಕೊಂಡಿತು. ಆಗ ಹಾಲನ್ನು ತೂಕದ ಮೇಲೆ ಕೊಳ್ಳುತ್ತಿದ್ದುದರಿಂದ, ನೀರು ಬೆರೆಸಿದವನಿಗೂ ಪ್ರಾಮಾಣಿಕನಿಗೂ ಒಂದೇ ದರ. 1890ರಲ್ಲಿ ಪ್ರಾಧ್ಯಾಪಕ ಸ್ಟೀಫನ್ ಬ್ಯಾಬ್ಕಾಕ್ ಹಾಲಿನ ಕೊಬ್ಬಿನ ಅಂಶ ಅಳೆಯುವ ಸುಲಭ ಪರೀಕ್ಷೆಯನ್ನು ಕಂಡುಹಿಡಿದರು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು.

ಹ್ಯಾರಿ ಸ್ಟೀನ್‌ಬಾಕ್ ಹಿಡಿದ ದಾರಿ ಬೇರೆ. ಅತಿನೇರಳೆ ಕಿರಣ ಹಾಯಿಸಿದರೆ ಆಹಾರದಲ್ಲಿ ಡಿ ಜೀವಸತ್ವ ಹೆಚ್ಚುತ್ತದೆಂದು 1923ರಲ್ಲಿ ಕಂಡುಕೊಂಡ ಅವರು, ಪೇಟೆಂಟಿನ ಆದಾಯವೆಲ್ಲ ಸಂಶೋಧನೆಗೇ ಮರಳಲೆಂದು ಬಯಸಿದರು. ಹೀಗೆ 1925ರಲ್ಲಿ ಸ್ಥಾಪಿತವಾದ ಪ್ರತಿಷ್ಠಾನವೇ ‘ವಾರ್ಫ್’. ಈ ಹೆಸರು ನಮ್ಮಲ್ಲಿ ಅನೇಕರ ಮನೆಯ ಔಷಧಿ ಡಬ್ಬಿಯಲ್ಲೇ ಅಡಗಿದೆ! 1933ರ ಚಳಿಗಾಲದಲ್ಲಿ ರೈತನೊಬ್ಬ ಹಿಮದ ಬಿರುಗಾಳಿಯಲ್ಲಿ, ಸತ್ತ ಹಸುವನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ಮ್ಯಾಡಿಸನ್ನಿಗೆ ಬಂದ. ಕೆಟ್ಟ ಮೇವಿನಿಂದ ಆ ರೋಗ ಬರುತ್ತಿತ್ತು. ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ಅದರ ಕಾರಣವಸ್ತುವನ್ನು ಬೇರ್ಪಡಿಸಿದರು. ಅದರ ಜಾಡಿನಲ್ಲೇ ಬಂದ ‘ವಾರ್ಫರಿನ್’ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆ ಸೇರಿ, ಮುಂದೆ ಹೃದ್ರೋಗಿಗಳ ಮಾತ್ರೆಯಾಯಿತು.

1960ರಿಂದ 1970ರವರೆಗೆ ಇಲ್ಲಿದ್ದ ಹರಗೋಬಿಂದ ಖೊರಾನಾ ಅವರಿಗೆ 1968ರಲ್ಲಿ ನೊಬೆಲ್ ಬಂತು. ಮಾನವ ಭ್ರೂಣದ ಕಾಂಡಕೋಶಗಳನ್ನು 1998ರಲ್ಲಿ ಮೊದಲು ಬೇರ್ಪಡಿಸಿ ಬೆಳೆಸಿದ ಜೇಮ್ಸ್ ಥಾಮ್ಸನ್ನರೂ ಇಲ್ಲಿಯವರೇ.

ಪ್ರತಿ ಕುಟುಂಬಕ್ಕೂ ವಿದ್ಯೆಯ ಫಲ ಮುಟ್ಟಬೇಕು, ರಾಜ್ಯದ ಎಲ್ಲೆಯೇ ವಿಶ್ವವಿದ್ಯಾನಿಲಯದ ಎಲ್ಲೆ ಎಂಬುದು ಅಧ್ಯಕ್ಷ ಚಾರ್ಲ್ಸ್ ವ್ಯಾನ್ ಹೈಸರ ಕಾಲದಿಂದ ಬಂದ ಆದರ್ಶ. ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವೂ 1964ರಲ್ಲಿ ಇಂಥದೇ ಮಾದರಿಯಲ್ಲಿ, ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಕೂಡಿಸಿಕೊಂಡು ಹುಟ್ಟಿತು. ಅದಕ್ಕೆ ನೆರವಾದದ್ದು ಟೆನೆಸ್ಸೀ ವಿಶ್ವವಿದ್ಯಾನಿಲಯ.

ಆದರೆ ಸಾರ್ವಜನಿಕರ ಸೊತ್ತಿಗೆ ಸಾರ್ವಜನಿಕರ ಕಾವಲೂ ಬೇಕು. 1894ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ ಅವರ ಮೇಲೆ, ಮುಷ್ಕರಗಳಿಗೆ ಬೆಂಬಲ ಕೊಟ್ಟರೆಂಬ ಆರೋಪ ಬಂತು. ಆಡಳಿತ ಮಂಡಳಿ ಅವರನ್ನು ದೋಷಮುಕ್ತಗೊಳಿಸಿ, ಕಾಳು ಜೊಳ್ಳು ಬೇರೆಯಾಗುವಂತೆ ನಿರ್ಭಯವಾಗಿ ಜರಡಿ ಹಿಡಿದು ತೂರಿದಾಗಲೇ ಸತ್ಯ ಸಿಗುತ್ತದೆಂದು ಸಾರಿತು. ಆ ಮಾತಿನ ಕಂಚಿನ ಫಲಕ ಬ್ಯಾಸ್ಕಮ್ ಭವನದಲ್ಲಿದೆ. 2015ರಲ್ಲಿ ಗವರ್ನರ್ ಸ್ಕಾಟ್ ವಾಕರ್ ಅವರ ಬಜೆಟ್ ಮಸೂದೆಯಲ್ಲಿ, ಕಾನೂನಿನಲ್ಲಿದ್ದ ಧ್ಯೇಯದಿಂದ ಸತ್ಯಾನ್ವೇಷಣೆಯ ಮಾತನ್ನೇ ತೆಗೆದುಹಾಕಲಾಗಿತ್ತು. ಜನ ಪ್ರತಿಭಟಿಸಿದ ಮೇಲೆ ಅದು ಉಳಿಯಿತು; ಹಣ ಉಳಿಯಲಿಲ್ಲ. ರಾಜ್ಯದ ವಿಶ್ವವಿದ್ಯಾನಿಲಯ ವ್ಯವಸ್ಥೆಗೆ ಎರಡು ವರ್ಷಗಳಲ್ಲಿ 25 ಕೋಟಿ ಡಾಲರ್ ಕಡಿತವಾಯಿತು.

ಈ ದೇಶದಲ್ಲಿ ತೆರಿಗೆ ಕಟ್ಟುವ ನಾವೂ ಇಂಥ ಸಂಸ್ಥೆಗಳ ಪಾಲುದಾರರೇ. ಸ್ವಂತ ರಾಜ್ಯದ ಮಕ್ಕಳಿಗೆ ಶುಲ್ಕವೂ ಕಡಿಮೆ. ಮುಂದಿನ ಬಾರಿ ಮನೆಯಲ್ಲಿ ಕಾಲೇಜಿನ ಪಟ್ಟಿ ಮಾಡುವಾಗ ನಮ್ಮ ನಮ್ಮ ರಾಜ್ಯದ ವಿಶ್ವವಿದ್ಯಾನಿಲಯದ ಹೆಸರನ್ನು ಮೊದಲ ಸಾಲಿನಲ್ಲೇ ಬರೆದುಕೊಂಡು, ಮಕ್ಕಳೊಂದಿಗೆ ಒಮ್ಮೆ ಹೋಗಿ ನೋಡಿ ಬರೋಣ.