ಕಲಘಟಗಿ ತೊಟ್ಟಿಲು: ಮಾರುವ ಮುನ್ನ ನಕ್ಷೆ ಇಳಿಸಿ

ಕಲಘಟಗಿ ತೊಟ್ಟಿಲು ಧಾರವಾಡ ಸೀಮೆಯಲ್ಲಿ ಹೆಸರುವಾಸಿ. ತೇಗದ ಮರ, ಅರಗಿನ ಬಣ್ಣ, ಮೇಲೆ ಕೈಯಲ್ಲೇ ಬರೆದ ಕೃಷ್ಣಲೀಲೆ, ರಾಮಾಯಣದ ಚಿತ್ರಗಳು. ಒಂದೇ ತೊಟ್ಟಿಲಲ್ಲಿ ಅಜ್ಜ, ಮಗ, ಮೊಮ್ಮಗ ಮಲಗೆದ್ದ ಮನೆಗಳುಂಟು. ಮಾಡುವ ಕೈಗಳು ಮಾತ್ರ ಈಗ ಕಡಿಮೆ.

ಇಂಥದ್ದೊಂದು ಬೆಂಗಳೂರಿನ ರಾಮಮೂರ್ತಿ ನಗರದಲ್ಲಿದೆ. ಜಮೀನು ಪಾಲಾದ ಮೇಲೆ ಮಗನ ಮನೆ ಸೇರುವಾಗ ನಮ್ಮ ಬೀಗರು ಜತೆಗೆ ತಂದದ್ದು. ಬಾಡಿಗೆ ಮನೆ, ಹಾಲ್‌ನಲ್ಲಿಟ್ಟರೆ ಬಾಗಿಲು ಪೂರ್ತಿ ತೆರೆಯೋಲ್ಲ. ಹಳೇ ಸಾಮಾನು ಕೊಳ್ಳುವವನು ಎರಡು ಬಾರಿ ಬಂದು ನೋಡಿ ಹೋಗಿದ್ದಾನೆ. “ಕೊಟ್ಟಬಿಡೂಣು ಅಂತಾನ್ರೀ ಮಗ. ಕೊಟ್ಟರ ಮತ್ತ ಎಲ್ಲಿ ಸಿಗಬೇಕು?” ಬೀಗರ ಚಿಂತೆ.

ಮಾರುವುದು ಬಿಡುವುದು ಅವರಿಷ್ಟ. ಮೊದಲು ನಕ್ಷೆ ಇಳಿಸೋಣ ಎಂದೆ. ಫೋಟೋ ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಫೋಟೋದಲ್ಲಿ ಹಲಗೆಯ ದಪ್ಪ ತಿಳಿಯದು, ಕೀಲು ಎಲ್ಲಿ ಕೂತಿದೆ ಕಾಣದು. ಆಚಾರಿಗೆ ಬೇಕಾದ್ದು ಅದೇ.

ಬೇಕಾದದ್ದು ಗ್ರಾಫ್ ಹಾಳೆ, ಟೇಪು, ಪೆನ್ಸಿಲ್, ಬಟರ್ ಪೇಪರ್. ಹತ್ತು ಇಂಚಿಗೆ ಒಂದಿಂಚು ಲೆಕ್ಕದಲ್ಲಿ ಎದುರು, ಪಕ್ಕ, ಮೇಲಿನ ನೋಟ – ಮೂರೂ ಬರೆಯಿರಿ. ಕೂಡಿಕೆಗಳನ್ನು ಮಾತ್ರ ಇದ್ದಷ್ಟೇ ಗಾತ್ರದಲ್ಲಿ ಬೇರೆ ಹಾಳೆಯಲ್ಲಿ ಬರೆಯಬೇಕು. ಕಡೆದ ಕಾಲಿನ ದಪ್ಪ ತಿಳಿಯಲು ದಾರ ಸುತ್ತಿ ಅಳೆಯಿರಿ; 11 ಇಂಚು ಬಂದರೆ ಅಡ್ಡಳತೆ ಮೂರೂವರೆ ಇಂಚು. ಅದರ ಉಬ್ಬುತಗ್ಗಿಗೆ ರಟ್ಟು ಕತ್ತರಿಸಿ ಒತ್ತಿ ನೋಡಿ, ಸರಿಹೊಂದುವ ತನಕ ತಿದ್ದಿ. ನಮಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ಚಿತ್ರಗಳ ಮೇಲೆ ಬಟರ್ ಪೇಪರ್ ಹರಡಿ ಹಗುರ ಕೈಯಲ್ಲಿ ಗೆರೆ ಎತ್ತಿ, ಎಲ್ಲಿ ಯಾವ ಬಣ್ಣ ಎಂದು ಅಲ್ಲೇ ಬರೆದಿಟ್ಟೆವು. ಅರಗು ಎದ್ದಿರುವ ಜಾಗದಲ್ಲಿ ಒತ್ತಬೇಡಿ, ಚಕ್ಕೆ ಕೀಳುತ್ತದೆ.

ಮರದ ಹೆಸರು ಬರೆಯಲು ಮರೆಯಬಾರದು. ಚನ್ನಪಟ್ಟಣದ ಬೊಂಬೆಗೆ ಆಲೆ ಮರ ಒಗ್ಗುತ್ತದೆ. ಕೊಪ್ಪಳದ ಕಿನ್ನಾಳದವರಿಗೂ ಹಗುರ ಮರವೇ ಬೇಕು, ಅವರು ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಬಣ್ಣ ಬಳಿಯುತ್ತಾರೆ. ಮಗುವಿನ ಭಾರ ಹೊರುವ ತೊಟ್ಟಿಲಿಗೆ ಆ ಲೆಕ್ಕ ಬೇರೆ.

ನಕ್ಷೆಯ ಒಂದು ಪ್ರತಿ ನಮ್ಮೂರ ಆಚಾರಿಯ ಬಳಿ ಇದೆ. ಮರಗೆಲಸ ತನ್ನಿಂದಾದೀತು, ಚಿತ್ರಕ್ಕೆ ಕಲಘಟಗಿಗೇ ಹೋಗಬೇಕು ಎಂದಿದ್ದಾನೆ. ಬೀಗರ ಮಗ ಸದ್ಯಕ್ಕೆ ಮಾರಾಟದ ಮಾತು ಎತ್ತಿಲ್ಲ.

ಮನೆಯಲ್ಲಿ ಹಳೆಯ ಅರಗಿನ ಸಾಮಾನಿದ್ದರೆ ಇನ್ನೊಂದು ಮಾತು. ಹೊಳಪು ಬರಲೆಂದು ಸ್ಪಿರಿಟ್ ಪಾಲಿಶ್ ಹೊಡೆಸಬೇಡಿ. ಸ್ಪಿರಿಟ್‌ಗೆ ಅರಗು ಕರಗುತ್ತದೆ, ಚಿತ್ರವೂ ಬಟ್ಟೆಗೆ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡದಿದ್ದರೆ ಸಾಕು.