ಹನ್ನೆರಡು ಪದಗಳ ಬೀಗದ ಕೈ

ಕೋಲಾರ ಜಿಲ್ಲೆಗೆ ಚಿನ್ನ ಹೊಸದಲ್ಲ. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೆಜಿಎಫ್ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅದಾಗಿ ಎಂಟು ವರ್ಷ ತುಂಬುವ ಮೊದಲೇ, 2009ರ ಜನವರಿ 3ರಂದು, ಕಂಪ್ಯೂಟರಿನಲ್ಲಿ ‘ಗಣಿಗಾರಿಕೆ’ ನಡೆಸಿ ಪಡೆಯುವ ಬಿಟ್‌ಕಾಯಿನ್ ಹುಟ್ಟಿತು. ಈಗ ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ಕೂತ ಯುವಕನೂ ಟೊಮೆಟೊ ಮಾರಿದ ಹಣದಲ್ಲಿ ಒಂದು ಪಾಲನ್ನು ಮೊಬೈಲಿನಲ್ಲೇ ಇಂಥ ನಾಣ್ಯಕ್ಕೆ ಹಾಕಬಹುದು. ಹಾಕುವುದು ಸುಲಭ, ಕಾಪಾಡುವುದೇ ಕಷ್ಟ.

ಇದಕ್ಕೆ ಬಳಸುವ ಆ್ಯಪ್‌ಗೆ ವ್ಯಾಲೆಟ್ ಎನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಏಕೆಂದರೆ ಅದರೊಳಗೆ ನಾಣ್ಯವೇ ಇರುವುದಿಲ್ಲ! ಹೊಲ ಯಾರದೆಂದು ಪಹಣಿ ಹೇಳುವಂತೆ, ನಾಣ್ಯ ಯಾರದೆಂದು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿರುವ ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕ ಹೇಳುತ್ತದೆ. ವ್ಯಾಲೆಟ್ಟಿನಲ್ಲಿರುವುದು ಆ ಪುಸ್ತಕದಲ್ಲಿ ಸಹಿ ಹಾಕುವ ಗುಟ್ಟಿನ ಸಂಖ್ಯೆ ಮಾತ್ರ. ಪಹಣಿ ತಪ್ಪಾದರೆ ತಹಸೀಲ್ದಾರರಲ್ಲಿಗೆ ಅಲೆಯಬಹುದು. ಇಲ್ಲಿ ಅಲೆಯಲು ಕಚೇರಿಯೇ ಇಲ್ಲ.

ಗುಟ್ಟಿನ ಸಂಖ್ಯೆ ನೆನಪಿಡಲಾಗದಷ್ಟು ಉದ್ದ. ಆದ್ದರಿಂದ ವ್ಯಾಲೆಟ್ ಅದನ್ನು 12 ಅಥವಾ 24 ಇಂಗ್ಲಿಷ್ ಪದಗಳಾಗಿ ಕೊಡುತ್ತದೆ. ಪದಗಳನ್ನು ಆಯುವುದು 2,048 ಪದಗಳ ಒಂದು ಗೊತ್ತಾದ ಪಟ್ಟಿಯಿಂದ. ಹನ್ನೆರಡು ಪದಗಳಿಂದಾಗುವ ಸರಿಯಾದ ಜೋಡಣೆಗಳ ಸಂಖ್ಯೆ 2ರ 128ನೇ ಘಾತ, ಅಂದರೆ 34ರ ಮುಂದೆ 37 ಸೊನ್ನೆ. ಊಹಿಸಿ ಕದಿಯುವುದು ಯಾವ ಕಂಪ್ಯೂಟರಿಗೂ ಆಗದ ಮಾತು. ಹಾಗಾಗಿ ಕಳ್ಳರು ಊಹಿಸುವುದಿಲ್ಲ, ಕೇಳುತ್ತಾರೆ. ‘ಗ್ರಾಹಕ ಸೇವೆ’ಯ ಹೆಸರಿನಲ್ಲಿ ಸವಿ ಮಾತಾಡಿ ಪದಗಳನ್ನು ಕೇಳುವವರು ಯಾರೇ ಇರಲಿ, ಕಳ್ಳರೇ.

ಪದಗಳ ಫೋಟೋ ತೆಗೆದಿಡುವುದೂ ಅಪಾಯವೇ. 2025ರ ಫೆಬ್ರವರಿಯಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು, ಫೋನಿನಲ್ಲಿರುವ ಚಿತ್ರಗಳನ್ನು ಓದಿ ಇಂಥ ಪದಗಳನ್ನು ಹುಡುಕುವ ಕಳ್ಳ ತಂತ್ರಾಂಶವನ್ನು ಗೂಗಲ್ ಮತ್ತು ಆ್ಯಪಲ್‌ಗಳ ಅಧಿಕೃತ ಆ್ಯಪ್ ಮಳಿಗೆಗಳಲ್ಲೇ ಪತ್ತೆ ಮಾಡಿದರು. ಕಾಗದದಲ್ಲಿ ಬರೆದಿಡುವುದೇ ಮೇಲು. ಆದರೆ ನಮ್ಮ ಮನೆಗಳಲ್ಲಿ ಕಾಗದಕ್ಕೆ ಗೆದ್ದಲು, ಮಳೆಗಾಲದ ಸೋರಿಕೆಗಳ ಕಾಟ. ಹೀಗಾಗಿ ಕೆಲವರು ಸ್ಟೀಲ್ ತಗಡಿನ ಮೇಲೆ ಕೊರೆದಿಡುತ್ತಾರೆ. ಪಾತ್ರೆ ಅಂಗಡಿಯಲ್ಲಿ ಲೋಟಕ್ಕೆ ಹೆಸರು ಹಾಕಿಸುವ ರೂಢಿ ನಮ್ಮವರಿಗಿದೆ. ಈ ಕೆಲಸಕ್ಕೆ ಮಾತ್ರ ಅಲ್ಲಿಗೆ ಹೋಗಬಾರದು, ಸ್ವಂತ ಕೈಯಲ್ಲೇ ಕೊರೆಯಬೇಕು! ಇನ್ನೊಂದು ಮಾತು: ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟರೆ ಮುಂದೆ ಸ್ಪೆಲ್ಲಿಂಗ್ ಹುಡುಕುವುದೇ ಪಾಡಾಗುತ್ತದೆ.

ಇನ್ನು ‘ಬಹು-ಸರಪಳಿ’ಯ ಗೊಂದಲ. ಈಗಿನ ಅನೇಕ ವ್ಯಾಲೆಟ್‌ಗಳು ಅದೇ ಹನ್ನೆರಡು ಪದಗಳಿಂದ ಬಿಟ್‌ಕಾಯಿನ್, ಇಥೀರಿಯಂ, ಟ್ರಾನ್, ಪಾಲಿಗಾನ್ ಎಂದು ಹಲವು ಬ್ಲಾಕ್‌ಚೈನ್‌ಗಳ ವಿಳಾಸ ಮಾಡಿಕೊಡುತ್ತವೆ. ಬೀಗ ಹತ್ತು, ಕೈ ಒಂದೇ. ಅನುಕೂಲ ನಿಜ. ಆದರೆ ಆ ಒಂದು ಕೈ ಕಳ್ಳನಿಗೆ ಸಿಕ್ಕರೆ ಹತ್ತೂ ಬಾಗಿಲು ತೆರೆದಂತೆ.

ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ನಾಣ್ಯ ಇಥೀರಿಯಂನಲ್ಲೂ ಇದೆ, ಟ್ರಾನ್‌ನಲ್ಲೂ ಇದೆ. ಹೆಸರು ಒಂದೇ, ಸರಪಳಿ ಬೇರೆ. ಒಂದೇ ಹೆಸರಿನ ಊರುಗಳು ಎರಡು ಜಿಲ್ಲೆಗಳಲ್ಲಿದ್ದಂತೆ. ಟ್ರಾನ್ ವಿಳಾಸ ಇಂಗ್ಲಿಷಿನ ‘ಟಿ’ ಅಕ್ಷರದಿಂದ ಶುರುವಾಗುವುದರಿಂದ ಅಲ್ಲಿ ಗುರುತು ಸಿಗುತ್ತದೆ. ಇಥೀರಿಯಂ ಮತ್ತು ಪಾಲಿಗಾನ್‌ಗಳಲ್ಲಿ ಹಾಗಲ್ಲ. ಒಬ್ಬರ ವಿಳಾಸ ಎರಡರಲ್ಲೂ ಅಕ್ಷರಶಃ ಒಂದೇ ಆಗಿರುತ್ತದೆ. ತಮ್ಮದೇ ವ್ಯಾಲೆಟ್ಟಿಗೆ ತಪ್ಪು ಸರಪಳಿಯಲ್ಲಿ ಕಳಿಸಿದ್ದರೆ ಆ ಸರಪಳಿ ತೆರೆದು ನೋಡಿದಾಗ ಹಣ ಸಿಗುತ್ತದೆ. ಆದರೆ ಆ ಸರಪಳಿಯನ್ನು ಬಳಸದ ವಿನಿಮಯ ಕಂಪನಿಯ ವಿಳಾಸಕ್ಕೆ ಕಳಿಸಿದ್ದರೆ, ವಾಪಸು ಕೊಡುವುದು ಅವರ ದಯೆ. ಅಂಚೆ ಇಲಾಖೆಯಾದರೆ ಕಾಗದವನ್ನಾದರೂ ಹಿಂದಿರುಗಿಸೀತು. ಆದ್ದರಿಂದ ಮೊದಲು ಚಿಲ್ಲರೆ ಮೊತ್ತ ಕಳಿಸಿ, ತಲುಪಿದ್ದು ಖಚಿತವಾದ ಮೇಲೆಯೇ ಉಳಿದದ್ದು.

ಹಳೆಯ ವ್ಯವಹಾರಗಳ ಪಟ್ಟಿಯಿಂದ ವಿಳಾಸ ನಕಲು ಮಾಡುವ ಅಭ್ಯಾಸ ಬೇಡ. ಮೊದಲ ಮತ್ತು ಕೊನೆಯ ನಾಲ್ಕಾರು ಅಕ್ಷರಗಳು ಹೊಂದುವಂಥ ವಿಳಾಸ ಸೃಷ್ಟಿಸಿ, ಅದರಿಂದ ಸೊನ್ನೆ ಮೊತ್ತ ಕಳಿಸಿ, ಪಟ್ಟಿಯಲ್ಲಿ ತಮ್ಮ ವಿಳಾಸ ಸೇರಿಸುವ ಖದೀಮರಿದ್ದಾರೆ. ನಡುವಿನ ಅಕ್ಷರಗಳನ್ನೂ ಓದಬೇಕು. ಯಾವುದೋ ಜಾಲತಾಣಕ್ಕೆ ವ್ಯಾಲೆಟ್ ಜೋಡಿಸಿ ‘ಅಪ್ರೂವ್’ ಒತ್ತಿದರೆ, ಅದು ಖಾಲಿ ಚೆಕ್ಕಿಗೆ ಸಹಿ ಹಾಕಿದ ಹಾಗೂ ಆಗಬಹುದು. ಕೊಟ್ಟ ಒಪ್ಪಿಗೆಯನ್ನು ಒಂದೊಂದು ಸರಪಳಿಯಲ್ಲೂ ಬೇರೆ ಬೇರೆಯಾಗಿ ರದ್ದು ಮಾಡಬೇಕು.

ಹಾಗಾದರೆ ಕಂಪನಿಯ ಬಳಿಯೇ ಬಿಟ್ಟರೆ ಸುಖವೇ? 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ಗ್ರಾಹಕರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಎರಡು ದಾರಿಯಲ್ಲೂ ಮುಳ್ಳಿದೆ. ಮಕ್ಕಳ ಫೀಸಿನ ದುಡ್ಡು ಎರಡರಲ್ಲೂ ಇರಬಾರದು.

ಲಾಭ ಬಂದರೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆ ಇದೆ, ನಷ್ಟವನ್ನು ಕಳೆಯುವಂತಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿನಿಂದ ಹೋದ ರೂಪಾಯಿಯನ್ನು ದಾರಿಯಲ್ಲಿ ತಡೆಯಲು ಅವಕಾಶವಿದೆ. ವ್ಯಾಲೆಟ್ಟಿನಿಂದ ಹೋದ ನಾಣ್ಯಕ್ಕೆ ಆ ಭಾಗ್ಯ ಅಪರೂಪ.

ಬ್ಯಾಂಕ್ ಖಾತೆಗೆ ನಾಮಿನಿ ಇರುತ್ತಾರೆ. ಹನ್ನೆರಡು ಪದಗಳಿಗೆ ಆ ಕಾಲಂ ಇಲ್ಲ. ತಗಡು ಯಾವ ಪೆಟ್ಟಿಗೆಯಲ್ಲಿದೆ, ಯಾವ ವ್ಯಾಲೆಟ್ ಬಳಸಿದ್ದು ಎಂಬುದು ಮನೆಯಲ್ಲಿ ನಂಬಿಕೆಯ ಇನ್ನೊಬ್ಬರಿಗಾದರೂ ಗೊತ್ತಿಲ್ಲದಿದ್ದರೆ, ಯಜಮಾನನ ನಂತರ ಆ ನಾಣ್ಯ ಲೆಕ್ಕದ ಪುಸ್ತಕದಲ್ಲೇ ಇರುತ್ತದೆ, ಯಾರ ಕೈಗೂ ಎಟುಕದೆ.