ಗಾಯಗೊಂಡ ಸೈನಿಕರ ಕೈಗೆ ಬಿಲ್ಲು ಯಾಕೆ ಕೊಟ್ಟರು?

ಒಂಬತ್ತನೇ ಇಯತ್ತೆಯಲ್ಲಿ ನರಮಂಡಲದ ಪಾಠ ನಡೆದಿತ್ತು. "ಸರ್, ಬೆನ್ನಿಗೆ ಗುಂಡು ಬಿದ್ದರ ಕಾಲು ಯಾಕ ಹೋಗ್ತಾವ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ.

ಮೆದುಳಿನ ಆಜ್ಞೆ ಮೆದುಳುಬಳ್ಳಿಯ ಮೂಲಕವೇ ಕಾಲಿಗೆ ಹೋಗಬೇಕು. ನಡುವೆ ಬಳ್ಳಿ ಕಡಿದರೆ ಕಾಲಿಗೆ ಸುದ್ದಿ ಮುಟ್ಟುವುದಿಲ್ಲ, ಕಾಲಿನ ನೋವೂ ಮೇಲಕ್ಕೆ ಬರುವುದಿಲ್ಲ. ಈ ಎರಡನೆಯದು ಬಹಳ ಅಪಾಯ. ಕುಳಿತಲ್ಲಿ ನೋವಾದರೆ ನಾವು ಮಗ್ಗಲು ಬದಲಿಸುತ್ತೇವೆ. ನೋವೇ ತಿಳಿಯದವರು ಅಲುಗಾಡುವುದಿಲ್ಲ. ಒತ್ತಿದ ಚರ್ಮಕ್ಕೆ ರಕ್ತ ಸಿಗದೆ ಹುಣ್ಣಾಗಿ ನಂಜೇರುತ್ತದೆ. ಮೊದಲ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಹೆಚ್ಚಿನ ಸೈನಿಕರು ಈ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸತ್ತರು.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಡಾ. ಲುಡ್ವಿಗ್ ಗುಟ್‌ಮನ್ ಒಂದು ಕಟ್ಟುನಿಟ್ಟು ಮಾಡಿದರು: ಹಗಲು ರಾತ್ರಿ ಎನ್ನದೆ ಎರಡು ತಾಸಿಗೊಮ್ಮೆ ರೋಗಿಯನ್ನು ಹೊರಳಿಸಬೇಕು. ಜೀವ ಉಳಿಯಿತು, ಸರಿ. ಆದರೆ ಹರೆಯದ ಹುಡುಗರು ಮಾಳಿಗೆ ನೋಡುತ್ತ ಮಲಗಿರಬೇಕೇ? ಅವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ಹುಲ್ಲಿನ ಮೇಲೆ ತಂದು ಬಿಲ್ಲು ಕೊಡಿಸಿದರು.

ಬಿಲ್ಲೇ ಯಾಕೆ? ಕಂಕುಳ ಕೆಳಗಿನಿಂದ ಸೊಂಟದವರೆಗೆ ಹರಡಿರುವ ಒಂದು ಅಗಲ ಸ್ನಾಯು ಇದೆ. ಅದರ ನರ ಹೊರಡುವುದು ಕುತ್ತಿಗೆಯಿಂದ. ಹಾಗಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದರೂ ಅದು ದುಡಿಯುತ್ತದೆ, ಮೈ ವಾಲದಂತೆ ಹಿಡಿಯುತ್ತದೆ. ಬಿಲ್ಲು ಎಳೆದಷ್ಟೂ ಅದು ಗಟ್ಟಿ. ಜೊತೆಗೆ, ಹಳೆಯ ರೋಗಿ ಗುರಿ ಹೊಡೆಯುವುದನ್ನು ಕಂಡ ಹೊಸಬನಿಗೆ ಡಾಕ್ಟರ ಮಾತಿಗಿಂತ ಹೆಚ್ಚು ಧೈರ್ಯ. 29 ಜುಲೈ 1948ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಅಲ್ಲಿ 16 ಮಂದಿ ಬಿಲ್ಲುಸ್ಪರ್ಧೆಗೆ ಇಳಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದ.

ನಮ್ಮ ಸಾಂಗ್ಲಿ ಜಿಲ್ಲೆಯವರೇ ಆದ ಮುರಳೀಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಶಕ್ತಿ ಹೋಯಿತು. ಚಿಕಿತ್ಸೆಗೆಂದು ಈಜಿಗಿಳಿದರು. ನೀರಿನ ಮೇಲ್ಮುಖ ಬಲ ನಿಮಗೆ ಗೊತ್ತೇ ಇದೆ: ದೇಹದ ಭಾರವನ್ನು ನೀರು ಹೊರುತ್ತದೆ, ಕೈಗೆ ಮುಂದೆ ತಳ್ಳುವ ಕೆಲಸವಷ್ಟೇ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ. ತಡವಾಯಿತು ಅಂತ ನನಗನಿಸುತ್ತದೆ.

ಈಗ ಒಂದು ಪ್ರಯೋಗ. ಬೆಂಚಿನ ಮೇಲೆ ಕುಳಿತು ಪಾದ ಎರಡೂ ಎತ್ತಿರಿ. ಬಿಲ್ಲು ಎಳೆದಂತೆ ಬಲಗೈ ಹಿಂದಕ್ಕೆಳೆಯಿರಿ. ಗೆಳೆಯ ಆ ಕೈಯನ್ನು ಮುಂದಕ್ಕೆ ಜಗ್ಗಲಿ. ಇನ್ನೊಂದು ಕೈಯಿಂದ ಬಲಕಂಕುಳ ಹಿಂಬದಿ ಮುಟ್ಟಿ ನೋಡ್ರಿ, ಆ ಸ್ನಾಯು ಬಿಗಿಯುವುದು ಸಿಗುತ್ತದೆ.